‘ಟೆರಿಫೈಯರ್ 2’: ನೆತ್ತರಿನಾಚೆಗೆ ಏನಿದೆ?

ಪ್ರಶ್ನೆ: ‘ಟೆರಿಫೈಯರ್’ ಎಂಬ ಇಂಗ್ಲಿಷ್ ಭಯಾನಕ ಚಿತ್ರದ ಮೊದಲ ಭಾಗದಲ್ಲಿ ಕೊಚ್ಚುವುದು, ಕೊಯ್ಯುವುದು ಬಿಟ್ಟರೆ ಬೇರೇನೂ ಇಲ್ಲವೆಂದು ಬೇಸರಪಟ್ಟವನು ನಾನು. 2022ರಲ್ಲಿ ಬಂದ ಎರಡನೆಯ ಭಾಗ ಅದಕ್ಕಿಂತ ಎಷ್ಟೋ ಮೇಲು ಎಂದು ಸ್ನೇಹಿತರು ಹೇಳುತ್ತಾರೆ. ಈ ಹೊಗಳಿಕೆಯಲ್ಲಿ ಹುರುಳಿದೆಯೇ, ಅಥವಾ ರಕ್ತ ಹೆಚ್ಚಾದದ್ದನ್ನೇ ಅವರು ಗುಣವೆಂದು ಎಣಿಸಿದ್ದಾರೆಯೇ?

ಉತ್ತರ: ಹುರುಳಿದೆ, ಮತ್ತು ಅದರ ಬಹುಪಾಲು ನಾಯಕಿಯಿಂದ ಬಂದದ್ದು. ಮೊದಲ ಭಾಗದಲ್ಲಿ ನಾಯಕಿಯೆಂದು ನಾವು ನಂಬಿಕೊಂಡಿದ್ದ ಹುಡುಗಿಯನ್ನು ಆರ್ಟ್ ಎಂಬ ಕ್ಲೌನ್ ಕಥೆಯ ನಡುವೆಯೇ ಗುಂಡಿಟ್ಟು ಕೊಂದುಬಿಡುತ್ತಾನೆ. ಆ ಕ್ಷಣಕ್ಕೆ ಬೆಚ್ಚಿಬೀಳಿಸುವ ತಂತ್ರವೇ ಸರಿ. ಆದರೆ ಅಲ್ಲಿಂದ ಮುಂದೆ ಯಾರು ಬದುಕಿದರೂ ಯಾರು ಸತ್ತರೂ ನಮಗೆ ಆಗಬೇಕಾದದ್ದೇನೂ ಉಳಿಯಲಿಲ್ಲ. ನಿರ್ದೇಶಕ ಡೇಮಿಯನ್ ಲಿಯೋನ್ ಈ ಕೊರತೆಯನ್ನು ಅರಿತೇ ಎರಡನೆಯ ಭಾಗವನ್ನು ಬರೆದಂತಿದೆ. ತಂದೆಯನ್ನು ಕಳೆದುಕೊಂಡ ಸಿಯೆನ್ನಾ, ಆತ ಬಿಡಿಸಿಟ್ಟುಹೋದ ಚಿತ್ರದಲ್ಲಿನ ರೆಕ್ಕೆಯುಳ್ಳ ಯೋಧೆಯ ವೇಷವನ್ನು ಹ್ಯಾಲೊವೀನ್ ರಾತ್ರಿಗಾಗಿ ಕೈಯಾರೆ ತಯಾರಿಸುತ್ತಿರುತ್ತಾಳೆ. ತಮ್ಮ ಜೊನಾಥನ್‌ಗೆ ಕೊಲೆಗಾರರ ಬಗ್ಗೆ ವಿಪರೀತ ಕುತೂಹಲ. ತಾಯಿಗೆ ಇಬ್ಬರನ್ನೂ ಸಂಭಾಳಿಸಿ ಸಾಕಾಗಿದೆ. ಈ ಮೂವರ ಸಿಡಿಮಿಡಿಗೆ ಚಿತ್ರ ಸಾಕಷ್ಟು ಸಮಯ ಕೊಟ್ಟಿರುವುದರಿಂದಲೇ ಕ್ಲೌನ್ ಆ ಮನೆಯ ಕಡೆಗೆ ತಿರುಗಿದಾಗ ನಮ್ಮ ಎದೆ ನಿಜವಾಗಿ ಹೊಡೆದುಕೊಳ್ಳುತ್ತದೆ. ಲಾರೆನ್ ಲವೇರಾ ಅವರು ಸಿಯೆನ್ನಾಳ ಅಂಜಿಕೆಯನ್ನೂ ಹಟವನ್ನೂ ಒಂದೇ ಮುಖದಲ್ಲಿ ತೋರಿಸಬಲ್ಲ ನಟಿ.

ಆರ್ಟ್‌ನ ಪಾತ್ರ ಮಾಡಿರುವ ಡೇವಿಡ್ ಹೋವರ್ಡ್ ಥಾರ್ನ್‌ಟನ್ ಅವರಿಗೆ ಒಂದು ಮಾತೂ ಇಲ್ಲ, ಎಲ್ಲವೂ ಮೂಕಾಭಿನಯ. ವೇಷಭೂಷಣದ ಅಂಗಡಿಯಲ್ಲಿ ಆತ ಚಿತ್ರವಿಚಿತ್ರ ಕನ್ನಡಕಗಳನ್ನು ಹಾಕಿಕೊಂಡು ಸಿಯೆನ್ನಾಳನ್ನು ದಿಟ್ಟಿಸುವ ದೃಶ್ಯದಲ್ಲಿ ಆಕೆಯ ಮೈಮೇಲೆ ಒಂದು ಗೀರೂ ಬೀಳುವುದಿಲ್ಲ. ನಗಬೇಕೋ ಅಂಗಡಿಯಿಂದ ಓಡಬೇಕೋ ತಿಳಿಯದ ಆ ಇಕ್ಕಟ್ಟು ಚಿತ್ರದ ಎಷ್ಟೋ ಕೊಲೆಗಳಿಗಿಂತ ಹೆಚ್ಚು ಕಾಡುತ್ತದೆ. ಸುಮಾರು 2.5 ಲಕ್ಷ ಡಾಲರ್‌ಗಳಲ್ಲಿ, ಅಂದರೆ ಹಾಲಿವುಡ್ ಲೆಕ್ಕದಲ್ಲಿ ಪುಡಿಗಾಸಿನಲ್ಲಿ, ತಯಾರಾದ ಈ ಚಿತ್ರದ ಗಾಯಗಳೆಲ್ಲ ಬಹುಮಟ್ಟಿಗೆ ಕೈಯಿಂದ ಮಾಡಿದ ಮೇಕಪ್ ಕೆಲಸ ಎಂಬುದನ್ನೂ ಮೆಚ್ಚಲೇಬೇಕು.

ಇನ್ನು ದೌರ್ಬಲ್ಯ. ಬಹಳ ಚರ್ಚೆಗೊಳಗಾದ ಮಲಗುವ ಕೋಣೆಯ ಕೊಲೆಯನ್ನೇ ನೋಡಿ. ಸಿಯೆನ್ನಾಳ ಗೆಳತಿಯನ್ನು ಹಿಂಸಿಸಿ ಹೊರಹೋದ ಆರ್ಟ್, ಉಪ್ಪು ಮತ್ತು ಬ್ಲೀಚ್ ಹಿಡಿದು ಮತ್ತೆ ಒಳಬರುತ್ತಾನೆ. ಅಷ್ಟು ಹೊತ್ತಿಗೆ ಯಾವ ದೇಹವೂ ಜೀವ ಹಿಡಿದಿರಲಾರದು ಎಂಬುದು ನಮಗೆ ಮನವರಿಕೆಯಾಗಿರುತ್ತದೆ, ಹಾಗಾಗಿ ಕಣ್ಣು ನೋವನ್ನು ಬಿಟ್ಟು ಮೇಕಪ್ಪಿನ ಕೈಚಳಕವನ್ನು ಅಳೆಯತೊಡಗುತ್ತದೆ. ದೃಶ್ಯಕ್ಕೆ ಮತ್ತೆ ಜೀವ ಬರುವುದು, ಮನೆಗೆ ಮರಳಿದ ತಾಯಿ ಮಗಳನ್ನು ಆ ಸ್ಥಿತಿಯಲ್ಲಿ ಕಂಡಾಗ. ನಿರ್ದೇಶಕರು ಬೇಗನೆ ಅಲ್ಲಿಗೆ ಬಂದಿದ್ದರೆ ಪರಿಣಾಮ ಇಮ್ಮಡಿಯಾಗುತ್ತಿತ್ತು.

ಉದ್ದದ ಸಮಸ್ಯೆ ಇಡೀ ಚಿತ್ರದ್ದೂ ಹೌದು. ಇದೇ ಬಗೆಯ ಕೊಲೆಗಾರನ ಕಥೆಯಾದ 1978ರ ‘ಹ್ಯಾಲೊವೀನ್’ ಚಿತ್ರ 91 ನಿಮಿಷಗಳಲ್ಲಿ ಮುಗಿದಿತ್ತು. ಇದು 138 ನಿಮಿಷ. ಕುಟುಂಬಕ್ಕೆ ಮೀಸಲಾದ ಸಮಯದ ಬಗ್ಗೆ ನನ್ನ ತಕರಾರಿಲ್ಲ, ಮುಗಿಯಿತೆಂದಾಗಲೆಲ್ಲ ಮತ್ತೆ ಎದ್ದುನಿಲ್ಲುವ ಕ್ಲೈಮ್ಯಾಕ್ಸ್ ಬಗ್ಗೆ ಇದೆ. ಆರ್ಟ್‌ನ ಜೊತೆಗಿರುವ ಬಿಳಿಚಿದ ಹುಡುಗಿ ಯಾರು, ತಂದೆ ಕೊಟ್ಟ ಕತ್ತಿಗೆ ಶಕ್ತಿ ಎಲ್ಲಿಂದ ಬಂತು ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ನಿಗೂಢತೆ ಇರಲಿ, ಆದರೆ ಸಿಯೆನ್ನಾಳನ್ನೇ ಸಾವಿನ ಬಾಯಿಂದ ಆ ಕತ್ತಿ ಎಳೆದು ತರುವುದಾದರೆ ಆಕೆಗಾಗಿ ಅಷ್ಟು ಹೊತ್ತು ಹೆದರಿದ್ದಕ್ಕೆ ಅರ್ಥವೇನು? ನಾಯಕಿಯಿಂದ ಗಳಿಸಿದ್ದನ್ನು ಚಿತ್ರ ಇಲ್ಲಿ ತಾನೇ ಅರ್ಧ ಕಳೆದುಕೊಳ್ಳುತ್ತದೆ.

ಪ್ರಶ್ನೆ: ಮೊದಲ ಭಾಗದಲ್ಲಿ ಯುವತಿಯೊಬ್ಬಳನ್ನು ತಲೆಕೆಳಗಾಗಿ ನೇತುಹಾಕಿ ಗರಗಸದಿಂದ ಕೊಯ್ಯುವ ದೃಶ್ಯ ಕಂಡು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ್ದೆ. ಹೆಣ್ಣಿನ ಮೇಲಿನ ಕ್ರೌರ್ಯದ ಈ ಚಪಲ ಎರಡನೆಯ ಭಾಗದಲ್ಲಿ ಕಡಿಮೆಯಾಗಿದೆಯೇ?

ಉತ್ತರ: ಪೂರ್ತಿಯಾಗಿ ಇಲ್ಲ. ಇಲ್ಲಿ ಗಂಡಸರೂ ಭೀಕರವಾಗಿಯೇ ಸಾಯುತ್ತಾರೆ, ನಾಯಕಿ ತಿರುಗಿ ಹೊಡೆಯುತ್ತಾಳೆ. ಆದರೆ ಕ್ಯಾಮೆರಾ ಅತಿ ಹೆಚ್ಚು ಹೊತ್ತು ಬಿಡದೆ ನಿಂತದ್ದು ಮೇಲೆ ಹೇಳಿದ ಹುಡುಗಿಯ ಕೋಣೆಯಲ್ಲೇ. ಆ ಗರಗಸದ ದೃಶ್ಯವನ್ನು ತಾಳದವರು ಇದನ್ನೂ ತಾಳಲಾರರು. ಸಿಯೆನ್ನಾ ಎಷ್ಟೇ ಚೆನ್ನಾಗಿದ್ದರೂ ನಿಮಗೆ ಈ ಚಿತ್ರವನ್ನು ನಾನು ಶಿಫಾರಸು ಮಾಡುವುದಿಲ್ಲ.

ಪ್ರಶ್ನೆ: ಮೊದಲ ಭಾಗ ನೋಡದೆ ನೇರವಾಗಿ ಎರಡನೆಯದನ್ನು ನೋಡಬಹುದೇ?

ಉತ್ತರ: ಧಾರಾಳವಾಗಿ. ಸತ್ತ ಆರ್ಟ್ ಶವಾಗಾರದಲ್ಲಿ ಮತ್ತೆ ಎದ್ದು ಕುಳಿತ ಎಂಬಷ್ಟು ತಿಳಿದಿದ್ದರೆ ಸಾಕು. ಕೊನೆಯಲ್ಲಿ ಹೆಸರುಗಳು ಬರುವಾಗ ನಡುವೆ ಕಾಣಿಸಿಕೊಳ್ಳುವ ವಿರೂಪಗೊಂಡ ಹೆಂಗಸು ವಿಕ್ಟೋರಿಯಾ ಮಾತ್ರ ಹಿಂದಿನ ಭಾಗದಲ್ಲಿ ಬದುಕುಳಿದವಳು, ಆಕೆಯ ಹಿನ್ನೆಲೆ ಅಲ್ಲಿದೆ.