ಮುಚ್ಚಿ ಬಿದ್ದಿರುವ ಹಳೆ ಅಕ್ಕಿ ಮಿಲ್ಲಿನಲ್ಲಿ ಹಲಸಿನ ಹಪ್ಪಳದ ಘಟಕ ಮಾಡಬಹುದಾ? (ಕಾರ್ಕಳ ಕಡೆ)

ಖಂಡಿತ ಮಾಡಬಹುದು. ಕೆಡವುವ ಯೋಚನೆ ಮಾತ್ರ ದಯವಿಟ್ಟು ಬೇಡ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಎತ್ತರದ ಹಂಚಿನ ಮಾಡು, ಭತ್ತ ಒಣಗಿಸುತ್ತಿದ್ದ ದೊಡ್ಡ ಅಂಗಳ. ಹಪ್ಪಳಕ್ಕೆ ಬೇಕಾದ್ದು ಅದೇ ಅಲ್ವಾ?

ಮೊದಲು ಪಹಣಿ ನೋಡಿ. ಜಾಗ ಯಾವ ಉದ್ದೇಶಕ್ಕೆ ಪರಿವರ್ತನೆ ಆಗಿದೆ ಅಂತ ಖಚಿತ ಮಾಡಿಕೊಳ್ಳಿ. ಪಂಚಾಯತ್ ಪರವಾನಗಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಮೆಸ್ಕಾಂ ವಿದ್ಯುತ್ ಸಂಪರ್ಕ ಆಮೇಲೆ.

ಜಾಸ್ತಿ ಕೆಲಸ ಇರುವುದು ಮಾಡಿನಲ್ಲಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಒಳ್ಳೆಯ ಬಡಗಿಯನ್ನು ಕರೆಸಿ, ಹಂಚು ಹೊರುವ ಮರದ ಪಕಾಸು, ರೀಪುಗಳನ್ನು ಒಂದೊಂದಾಗಿ ತಟ್ಟಿ ನೋಡಿಸಿ. ಒರಲೆ (ಗೆದ್ದಲು) ಹಿಡಿದದ್ದನ್ನಷ್ಟೇ ಬದಲಿಸಿ. ಹಳೆ ಹಂಚನ್ನು ಸುಮ್ನೆ ಎಸೆಯಬೇಡಿ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯ ಎಷ್ಟೋ ಮಾಡುಗಳನ್ನು ಕಾಪಾಡಿದ್ದು ಆ ಹಂಚೇ. ಪಾಚಿ ಉಜ್ಜಿ ತೊಳೆದರೆ ಮತ್ತೆ ಬಳಸಬಹುದು.

ಗೋಡೆಗೆ ಪೂರ್ತಿ ಸಿಮೆಂಟ್ ಬಳಿಯಬೇಡಿ. ಮುರಕಲ್ಲು ಹೀರಿದ ನೀರು ಹೊರಹೋಗಲಾಗದೆ ಒಳಗೇ ಉಳಿಯುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಒಣಗುತ್ತದೆ. ಹಿಟ್ಟು ಅರೆಯುವ ಕೋಣೆಗೆ ಮಾತ್ರ ತೊಳೆಯಲು ಬರುವ ಟೈಲ್ಸ್ ಹಾಕಿ.

ಹಲಸು ಬಲಿಯುವುದು ಮಾರ್ಚ್ ಹೊತ್ತಿಗೆ. ಹಾಗಾಗಿ ಮಾಡಿನ ಕೆಲಸವನ್ನು ಜನವರಿಯೊಳಗೆ ಮುಗಿಸಿಬಿಡಿ.