ಮನೆಗೆ ಯಾವ ಹೊಲಿಗೆ ಯಂತ್ರ?

ಪ್ರಶ್ನೆ: ಹರಿದ ಬಟ್ಟೆಗಳಿಗೆ ತೇಪೆ ಹಾಕಲು, ಐದು ವರ್ಷದ ಮಗಳಿಗೆ ಲಂಗ, ಫ್ರಾಕು ಹೊಲಿಯಲು ಯಂತ್ರ ಕೊಳ್ಳಬೇಕೆಂದಿದ್ದೇನೆ. ನಮ್ಮತ್ತೆಯವರು ಕಾಲಿನಿಂದ ತುಳಿಯುವ ಕಪ್ಪು ಯಂತ್ರವೇ ಸಾಕೆನ್ನುತ್ತಾರೆ. ಮಂಡಿಪೇಟೆಯ ಅಂಗಡಿಯಲ್ಲಿ ಹಲವು ಹೊಲಿಗೆಗಳ ಕರೆಂಟಿನ ಯಂತ್ರ ತೋರಿಸಿದರು. ಯಾವುದು ಸೂಕ್ತ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಕರೆಂಟು ಹೋದರೂ ನಿಲ್ಲದ ಆ ಯಂತ್ರಕ್ಕೆ ಆಗಾಗ ಎಣ್ಣೆ ಬಿಡುತ್ತಿದ್ದರೆ ದಶಕಗಳ ಕಾಲ ಬಾಳುತ್ತದೆ. ಹತ್ತಿಯ ಲಂಗಕ್ಕೂ ದಿಂಬಿನ ಚೀಲಕ್ಕೂ ಅದರ ನೇರ ಹೊಲಿಗೆ ಸಾಕು. ಆದರೆ ಮಕ್ಕಳ ಉಡುಪಿನಲ್ಲಿ ಬನಿಯನ್ ಬಟ್ಟೆ ಬಹಳ. ಎಳೆದರೆ ಹಿಗ್ಗುವ ಆ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ, ಮಗು ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಂಡಾಗ ಕುತ್ತಿಗೆಯ ಬಳಿ ದಾರ ಪಟ್ಟನೆ ಹರಿಯುತ್ತದೆ. ಅದಕ್ಕೆ ಅಂಕುಡೊಂಕಾಗಿ ಸಾಗುವ ಜಿಗ್‌ಜಾಗ್ ಹೊಲಿಗೆಯೂ ದುಂಡು ತುದಿಯ ಸೂಜಿಯೂ ಬೇಕು.

ಆದ್ದರಿಂದ ಜಿಗ್‌ಜಾಗ್ ಮತ್ತು ಕಾಜದ ಸೌಲಭ್ಯವಿರುವ ಸಾಧಾರಣ ಕರೆಂಟಿನ ಯಂತ್ರವೇ ನನ್ನ ಆಯ್ಕೆ. ಹೂಬಳ್ಳಿಯ ವಿನ್ಯಾಸಗಳಿಗೆಂದು ಹೆಚ್ಚು ಹಣ ಕೊಡಬೇಡಿ. ಮೊದಲ ವಾರ ಕಳೆದ ಮೇಲೆ ಅವುಗಳ ನೆನಪೂ ಇರುವುದಿಲ್ಲ. ಯಂತ್ರದ ಮುಂಭಾಗದ ಪೆಟ್ಟಿಗೆಯನ್ನು ಕಳಚಿದರೆ ಕಿರಿದಾದ ತೋಳು ಉಳಿಯುವಂತಿರಲಿ: ಪುಟ್ಟ ಚಡ್ಡಿಯ ಕಾಲನ್ನು ಅದಕ್ಕೆ ತೊಡಿಸಿ ಸುತ್ತಲೂ ಅಂಚು ಹೊಲಿಯಬಹುದು.

ಕೊಳ್ಳುವ ಮುನ್ನ ಹಳೆಯ ಟೀ ಶರ್ಟಿನ ತುಂಡು, ಜೀನ್ಸಿನ ಮಡಿಸಿದ ಅಂಚು ಒಯ್ದು ಅಂಗಡಿಯಲ್ಲೇ ನೀವೇ ಹೊಲಿದು ನೋಡಿ. ತೆಳು ಹತ್ತಿಗೆ 11, ಸಾಧಾರಣ ಬಟ್ಟೆಗೆ 14, ಜೀನ್ಸಿಗೆ 16ನೆಯ ನಂಬರಿನ ಸೂಜಿ ಹಾಕಿಸಿ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಟ್ಟಿದರೆ ಕೆಳದಾರ ಸುತ್ತಿದ ಉರುಳೆಯಾದ ಬಾಬಿನ್ನನ್ನು ದೂರಬೇಡಿ. ಬಹುತೇಕ ಮೇಲಿನ ದಾರವನ್ನೇ ತಪ್ಪಾಗಿ ಪೋಣಿಸಿರುತ್ತೇವೆ.