ಮುಂಗಾಜಿನ ಮೇಲೆ ವೇಗ ಕಂಡರೆ ಸಾಕು

ಮಾನ್ಯರೇ,

ತುಮಕೂರಿನಿಂದ ನೀವು ಬರೆದ ಪತ್ರ ತಲುಪಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ವಿದ್ಯುತ್ ಕಾರು ಕೊಳ್ಳಲು ಹೊರಟಿದ್ದೀರಿ. ವೇಗ ಮತ್ತು ದಾರಿಯ ಸೂಚನೆಗಳನ್ನು ಮುಂಗಾಜಿನ ಮೇಲೆ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ದುಬಾರಿ ಮಾದರಿಯಲ್ಲಿ ಮಾತ್ರ ಇದೆ. ಅದು ಸುರಕ್ಷತೆಗೆ ಬೇಕೇ ಬೇಕೆಂದು ಮಗ ಹೇಳಿದರೆ, ಅದು ಬ್ಯಾಟರಿ ತಿನ್ನುವ ಆಟಿಕೆ ಎಂಬುದು ನಿಮ್ಮ ವಾದ. ಎಲ್ಲ ವಿದ್ಯುತ್ ಕಾರುಗಳಲ್ಲೂ ಇದು ಇರಬೇಕೇ ಎಂದು ಕೇಳಿದ್ದೀರಿ.

ಬ್ಯಾಟರಿಯ ಚಿಂತೆಯನ್ನು ಬಿಟ್ಟುಬಿಡಿ. ಈ ಸಾಧನ 20 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೂ ನಾಲ್ಕು ಗಂಟೆಯ ಪ್ರಯಾಣಕ್ಕೆ ತಗಲುವ ವಿದ್ಯುತ್ತಿನಲ್ಲಿ ಕಾರು ಸುಮಾರು ಅರ್ಧ ಕಿಲೋಮೀಟರ್ ಓಡೀತು, ಅಷ್ಟೆ.

ಆಟಿಕೆ ಎಂಬ ಮಾತನ್ನೂ ನಾನು ಒಪ್ಪಲಾರೆ. ಇದು ಹುಟ್ಟಿದ್ದು ಯುದ್ಧವಿಮಾನಗಳಲ್ಲಿ. ಬೆಂಗಳೂರಿನಲ್ಲಿ ಎಚ್‌ಎಎಲ್ ತಯಾರಿಸುವ ತೇಜಸ್‌ಗೂ ವೈಜ್ಞಾನಿಕ ಉಪಕರಣಗಳನ್ನು ರೂಪಿಸುವ ಚಂಡೀಗಢದ ಸರ್ಕಾರಿ ಸಂಸ್ಥೆ ಸಿಎಸ್‌ಐಒ ಇದನ್ನು ರೂಪಿಸಿಕೊಟ್ಟಿದೆ. ಅಮೆರಿಕದ ಓಲ್ಡ್ಸ್‌ಮೊಬೈಲ್ 1988ರಲ್ಲಿ ಇದನ್ನು ಕಾರಿಗೆ ತಂದಿತು. ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ಪರದೆಯ ಬೆಳಕು ಕನ್ನಡಿಗಳಲ್ಲಿ ತಿರುಗಿ ಮುಂಗಾಜಿಗೆ ಬಡಿದು ಕಣ್ಣಿಗೆ ಮರಳುತ್ತದೆ, ಆದರೆ ಅಂಕಿ ಕಾಣುವುದು ಗಾಜಿನ ಮೇಲಲ್ಲ, ಎರಡು ಮೀಟರಿಗೂ ಆಚೆ, ಬಾನೆಟ್ಟಿನ ಮೇಲೆ ತೇಲುವಂತೆ. ಇದರ ನಿಜವಾದ ಪ್ರಯೋಜನವಿರುವುದು ಇಲ್ಲೇ, ಅದರಲ್ಲೂ ಚಾಳೀಸು ಬಂದ ನಮ್ಮಂಥವರಿಗೆ. ದೂರದ ರಸ್ತೆಯಿಂದ ಸ್ಟೀರಿಂಗ್ ಹಿಂದಿನ ಮೀಟರಿಗೆ ನೋಟ ಇಳಿಸಿದಾಗ ಅಂಕಿ ಸ್ಪಷ್ಟವಾಗಲು ನಮ್ಮ ಕಣ್ಣು ತುಸು ಹೊತ್ತು ತೆಗೆದುಕೊಳ್ಳುತ್ತದೆ, ಮತ್ತೆ ರಸ್ತೆಗೆ ಹೊಂದಿಕೊಳ್ಳಲು ಇನ್ನಷ್ಟು. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿಯಾದ ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಸಾಗಿರುತ್ತದೆ. ವಿದ್ಯುತ್ ಕಾರಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಡೀಸೆಲ್ ಕಾರಿನಲ್ಲಿ ಎಂಜಿನ್ನಿನ ಸದ್ದೇ ವೇಗ ಹೇಳುತ್ತಿತ್ತು. ಇಲ್ಲಿ ಸದ್ದಿಲ್ಲದೆ ಅರವತ್ತು ತೊಂಬತ್ತಾಗಿರುತ್ತದೆ, ಹಾಗಾಗಿ ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣು ಮಾಡಬೇಕಾಗಿದೆ.

ಹಾಗಿದ್ದೂ ನಿಮ್ಮ ಮಗನ ಮಾತನ್ನು ನಾನು ಪೂರ್ತಿ ಒಪ್ಪದಿರಲು ಕಾರಣವಿದೆ. ಅಮೆರಿಕದ ನಾಸಾ 1980ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಾರಾಟವನ್ನು ನೆಲದ ಮೇಲೇ ಅನುಕರಿಸುವ ಸಿಮ್ಯುಲೇಟರಿನಲ್ಲಿ ಹೆಡ್-ಅಪ್ ಡಿಸ್‌ಪ್ಲೇ ನೋಡುತ್ತ ವಿಮಾನ ಇಳಿಸುತ್ತಿದ್ದ ಪೈಲಟ್‌ಗಳಲ್ಲಿ ಕೆಲವರು ರನ್‌ವೇಯ ಮೇಲೆ ಅಡ್ಡಬಂದ ಇನ್ನೊಂದು ವಿಮಾನವನ್ನು ಗಮನಿಸಲೇ ಇಲ್ಲ. ನೋಟ ಅತ್ತಲೇ ಇತ್ತು, ಗಮನ ಮಾತ್ರ ಅಂಕಿಗಳಲ್ಲಿ ಸಿಕ್ಕಿಕೊಂಡಿತ್ತು. ಕಳೆದ ವರ್ಷ ಗೆಳೆಯರೊಬ್ಬರ ವಿದ್ಯುತ್ ಕಾರನ್ನು ನಾನು ಮದ್ದೂರಿನಿಂದ ಮಳವಳ್ಳಿಯತ್ತ ಓಡಿಸುತ್ತಿದ್ದಾಗ ಕತ್ತಲಾಗಿತ್ತು. ವೇಗದ ಜೊತೆಗೆ ದಾರಿ ತೋರಿಸುವ ನೀಲಿ ಬಾಣಗಳು ಟಾರಿನ ಮೇಲೆಯೇ ಹಾಸಿದಂತೆ ಕಾಣುತ್ತಿದ್ದವು. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಒಂದು ಸರಿಯಾಗಿ ಆ ಬಾಣಗಳ ಹಿಂದೆ ನಿಂತಿತ್ತು. ಟ್ರೈಲರಿನಿಂದ ಜೋತುಬಿದ್ದ ಸೋಗೆ ನಮ್ಮ ದೀಪಕ್ಕೆ ಹೊಳೆದಾಗಲಷ್ಟೇ ನಾನು ಬ್ರೇಕ್ ಒತ್ತಿದೆ. ಆ ಬಾಣಗಳು ಇಲ್ಲದಿದ್ದರೆ ಮೊದಲೇ ಕಾಣುತ್ತಿತ್ತು ಎಂದು ಅಂದಿನಿಂದ ನಾನು ನಂಬಿದ್ದೇನೆ.

ಆದ್ದರಿಂದ ಈ ಸಾಧನವನ್ನು ಎಲ್ಲ ಕಾರುಗಳಿಗೂ ಕಡ್ಡಾಯ ಮಾಡಬೇಕೆಂದು ನಾನು ಹೇಳುವುದಿಲ್ಲ. ಕಡ್ಡಾಯವಾಗಬೇಕಾದದ್ದು ವೇಗವೂ ಎಚ್ಚರಿಕೆಯ ದೀಪಗಳೂ ಚಾಲಕನ ನೇರ ನೋಟದಲ್ಲಿರಬೇಕೆಂಬ ನಿಯಮ. ಸ್ಟೀರಿಂಗ್ ಹಿಂದೆ ಚೊಕ್ಕವಾದ ಮೀಟರ್ ಇದ್ದರೆ ಅದೇ ಸಾಕು. ಆದರೆ ಟೆಸ್ಲಾ ಮಾಡೆಲ್ 3ರಂತೆ ಆ ಮೀಟರನ್ನೇ ತೆಗೆದು ವೇಗವನ್ನೂ ನಡುವಿನ ಪರದೆಗೆ ಸಾಗಿಸುವ ಕಾರುಗಳಲ್ಲಿ, ಪ್ರತಿ ಸಲ ನೋಟವನ್ನು ಪಕ್ಕಕ್ಕೆ ಹೊರಳಿಸಬೇಕಾದ್ದರಿಂದ, ಹೆಡ್-ಅಪ್ ಡಿಸ್‌ಪ್ಲೇಯನ್ನು ಎಲ್ಲ ಮಾದರಿಗಳಲ್ಲೂ ಕೊಡಲೇಬೇಕು. ಮೀಟರ್ ತೆಗೆದು ಉಳಿಸಿದ ಹಣವನ್ನು ಕೊಳ್ಳುವವರಿಂದ ಮತ್ತೆ ವಸೂಲಿ ಮಾಡುವುದು ನ್ಯಾಯವಲ್ಲ. ತೋರಿಸುವುದನ್ನೂ ಮಿತಗೊಳಿಸಬೇಕು: ವೇಗ, ಎಚ್ಚರಿಕೆ, ಮುಂದಿನ ತಿರುವಿಗೊಂದು ಸಣ್ಣ ಗುರುತು. ಹಾಡಿನ ಹೆಸರಿಗೂ ಕರೆ ಮಾಡಿದವರ ಹೆಸರಿಗೂ ಅಲ್ಲಿ ಜಾಗವಿರಬಾರದು.

ನೀವು ನೋಡಿರುವ ಕಾರಿನಲ್ಲಿ ಮೀಟರ್ ಇದೆಯೆಂದು ಬರೆದಿದ್ದೀರಿ. ಹಾಗಾದರೆ ಕಡಿಮೆ ಬೆಲೆಯ ಮಾದರಿಯನ್ನು ಧೈರ್ಯವಾಗಿ ಕೊಳ್ಳಿ. ದುಬಾರಿಯದನ್ನೇ ಕೊಳ್ಳುವ ಮನಸ್ಸಾದರೆ ಮೊದಲು ನಡುಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿ ನೋಡಿ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡರೆ ಅಂಕಿಗಳು ಮಸುಕಾಗುತ್ತವೆ, ಕೆಲವೊಮ್ಮೆ ಮಾಯವೇ ಆಗುತ್ತವೆ. ನಿಮ್ಮ ಶ್ರೀಮತಿಯವರೂ ಓಡಿಸುವುದಾದರೆ ಅವರ ಎತ್ತರಕ್ಕೆ ಚಿತ್ರವನ್ನು ಹೊಂದಿಸಿಕೊಳ್ಳಲು ಬರುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಇನ್ನೊಂದು ವಿಷಯವನ್ನು ಅಂಗಡಿಯವರು ತಾವಾಗಿ ಹೇಳದಿರಬಹುದು. ಚಿತ್ರ ಎರಡೆರಡಾಗಿ ಕಾಣದಿರಲೆಂದು ಇಂಥ ಕಾರುಗಳ ಮುಂಗಾಜಿನ ಒಳಪದರವನ್ನು ಬೆಣೆಯಂತೆ, ಒಂದು ಕಡೆ ತುಸು ದಪ್ಪವಾಗಿ ಮಾಡಿರುತ್ತಾರೆ. ಲಾರಿಯ ಚಕ್ರದಿಂದ ಸಿಡಿದ ಕಲ್ಲಿಗೆ ಗಾಜು ಒಡೆದರೆ ಅದೇ ಬಗೆಯ ಗಾಜನ್ನೇ ಹಾಕಿಸಬೇಕಾಗುತ್ತದೆ. ಅದರ ಬೆಲೆಯನ್ನೂ, ವಿಮೆ ಅದಕ್ಕೆ ಎಷ್ಟು ಕೊಡುತ್ತದೆ ಎಂಬುದನ್ನೂ ಮುಂಗಡ ಕೊಡುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.

— ಸಂಪಾದಕ